ದೊರೆಸಾನಿಯ ಬಾಲದ ಚೀಲ

ನಮ್ಮೂರಿಗೆ ಬರುವವರು ಕೊಡೆ ತರಬೇಕು. ಮಳೆಗಲ್ಲ, ಮಳೆ ನಮ್ಮ ಕಡೆ ಬರುವುದೇ ಅಪರೂಪ, ಬಂದರೂ ಮೊದಲು ಗುಡುಗಿ ಹೇಳಿ ಬರುತ್ತದೆ. ಮೇಕೆಗಳು ಹಾಗಲ್ಲ. ಬೆಳಿಗ್ಗೆ ಹೊಟ್ಟೆ ಬಿರಿಯುವಂತೆ ಸೊಪ್ಪು ತಿಂದು, ನೆರಳಲ್ಲಿ ಕೂತು ಮೆಲುಕು ಹಾಕಿ, ತಿಂದದ್ದು ಮೈಗೆ ಹತ್ತುತ್ತಿದ್ದ ಹಾಗೆ ಒಂದೊಂದಾಗಿ ನೆಲ ಬಿಟ್ಟು ಮೇಲೇಳುತ್ತವೆ. ಮೇಲೆದ್ದ ಮೇಕೆಗೆ ಕೆಳಗೆ ಯಾರಿದ್ದಾರೆ ಎಂಬ ಪರಿವೆ ಇರುವುದಿಲ್ಲ. ಹೊಸಬರು ಮೊದಲ ದಿನ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಾರೆ. ಮಾರನೆಯ ದಿನದಿಂದ ಬಾಯಿ ಮುಚ್ಚಿಕೊಂಡು ನೋಡುತ್ತಾರೆ.

ನಮಗೆ ಇದು ರೂಢಿ. ಹಾಲು ಕರೆಯುವಾಗ ಒಬ್ಬರು ಕೊಂಬು ಹಿಡಿದು ಜಗ್ಗಬೇಕು, ಇನ್ನೊಬ್ಬರು ನಿಂತೇ ಕರೆಯಬೇಕು. ಒಣಗಲು ಹಾಕಿದ ಹಪ್ಪಳದ ಮೇಲೆ ಹಳೇ ಸೀರೆ ಕಟ್ಟಬೇಕು. ಹೆಣ್ಣು ನೋಡಲು ಬಂದವರನ್ನು ಅಂಗಳದಲ್ಲಿ ಕೂರಿಸುವ ಮುನ್ನ ಮನೆಯವರೆಲ್ಲ ಒಮ್ಮೆ ಆಕಾಶ ನೋಡಿಕೊಳ್ಳುತ್ತಾರೆ. ಲೈನ್‌ಮನ್ ಕಂಬ ಹತ್ತಿ ತಂತಿಗೆ ಸಿಕ್ಕಿದ ಮೇಕೆಹಗ್ಗ ಬಿಡಿಸುವಾಗ ನಮ್ಮೂರಿನ ಏಳು ತಲೆಮಾರನ್ನೂ ಬಯ್ಯುತ್ತಾನೆ. ಕೆಳಗಿಳಿದ ಮೇಲೆ ಟೀ ಕೊಟ್ಟರೆ ಸುಮ್ಮನಾಗುತ್ತಾನೆ. ಮೇಕೆ ಕೂತ ಮರಕ್ಕೆ ಯಾರೂ ಕೊಡಲಿ ಹಾಕುವಂತಿಲ್ಲ, ಅದು ಎಲ್ಲರೂ ಒಪ್ಪಿದ ಕಟ್ಟಳೆ. ಮರ ಉರುಳಿದರೆ ಬೆಚ್ಚಿದ ಮೇಕೆ ಮೋಡದ ಕಡೆ ಹೊರಟುಬಿಡುತ್ತದೆ, ಹಾಗೆ ಹೋದವು ತಿರುಗಿ ಬಂದದ್ದಿಲ್ಲ. ಕುರಿಗಳು ಮಾತ್ರ ಏನು ತಿಂದರೂ ಏಳುವುದಿಲ್ಲ. ಅದಕ್ಕೇ ನಮ್ಮಲ್ಲಿ ಕುರಿ ಸಾಕುವವನಿಗೆ ಹೆಣ್ಣು ಸಿಗುವುದು ಕಷ್ಟ.

ಎಲ್ಲ ಸೊಪ್ಪೂ ಒಂದೇ ಸಮ ಎತ್ತುವುದಿಲ್ಲ. ಎಲಚಿ ತಿಂದ ಮೇಕೆ ಮನೆಯ ಮಾಡು ದಾಟುತ್ತದೆ. ಅತ್ತಿ ತಿಂದದ್ದು ಕಿಟಕಿಯ ಎತ್ತರಕ್ಕೆ ನಿಂತು ಒಳಗೆ ಇಣುಕುತ್ತದೆ. ಒಗರು ಹೆಚ್ಚಿದ್ದಷ್ಟೂ ಹೊಟ್ಟೆಯಲ್ಲಿ ಕರಗುವುದು ಕಡಿಮೆ, ಹಿಂದಿನಿಂದ ಬೀಳುವುದು ಹೆಚ್ಚು. ಇದನ್ನು ಅಳೆಯುವುದಕ್ಕೇ ನಮ್ಮೂರ ನಡುವೆ ಒಂದು ಕಟ್ಟೆ ಇದೆ, ಕಟ್ಟೆಯ ಮೇಲೆ ಗೆರೆ ಕೊರೆದ ಕಲ್ಲುಕಂಬ ಇದೆ. ಬೇಸಿಗೆಯ ಕೊನೆಯಲ್ಲಿ ಇಟ್ಟಿಗೆ ಗೂಡಿಗೆ ಸೌದೆ ಬೇಕಾಗುತ್ತದೆ. ಯಾರ ಮನೆ ಮುಂದಿನ ಮರ ಕಡಿಯಬೇಕು ಎಂದು ಹಿಂದೆ ಜನ ತಲೆ ತಲೆ ಒಡೆದುಕೊಂಡಿದ್ದರಂತೆ. ಆಮೇಲೆ ಹಿರಿಯರು ಒಂದು ದಾರಿ ಕಂಡುಕೊಂಡರು: ಬೀದಿಗೊಂದು ಮರ ಆರಿಸುವುದು, ಒಂದೊಂದು ವಾರ ಒಂದೊಂದು ಮರದ ಸೊಪ್ಪನ್ನು ಕಟ್ಟೆಯ ಮೇಕೆಗೆ ತಿನ್ನಿಸುವುದು, ಯಾವ ಸೊಪ್ಪು ತಿಂದಾಗ ಅದು ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೋ ಆ ಮರ ಗೂಡಿಗೆ. ಮೇಕೆಗೆ ಉಪಯೋಗವಿಲ್ಲದ ಮರ ಬೆಂಕಿಗಾದರೂ ಆಗಲಿ ಎಂಬ ಲೆಕ್ಕಾಚಾರ.

ಕಟ್ಟೆಯ ಮೇಕೆಯ ಹೆಸರು ದೊರೆಸಾನಿ. ಅದರ ಹಗ್ಗ ಹಿಡಿಯುವವಳು ನಾನು, ಕೆಂಗಮ್ಮ. ಹಗ್ಗ ಹಿಡಿಯುವುದು, ಮೇಕೆಯ ಹೊಟ್ಟೆ ಕಂಬದ ಯಾವ ಗೆರೆಗೆ ಬಂತು ಎಂದು ಕೂಗುವುದು, ಎರಡೂ ನನ್ನ ಕೆಲಸ. ಮೂರನೆಯದು ಎಲೆ ನೆಕ್ಕುವುದು. ನಗಬೇಡಿ. ತಮ್ಮ ಮರ ಉಳಿಸಿಕೊಳ್ಳಲು ಜನ ಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸುತ್ತಾರೆ, ಉಪ್ಪು ಸವರುತ್ತಾರೆ, ಒಮ್ಮೆ ಯಾರೋ ಪುಣ್ಯಾತ್ಮರು ತುಪ್ಪದ ಒಗ್ಗರಣೆಯನ್ನೇ ಹಾಕಿದ್ದರು. ಅದಕ್ಕೇ ಮೇಕೆಗಿಂತ ಮೊದಲು ನಾನು ರುಚಿ ನೋಡಬೇಕು. ಊರಿನ ಪ್ರತಿಯೊಂದು ಮರದ ರುಚಿಯೂ ನನ್ನ ನಾಲಿಗೆಗೆ ಗೊತ್ತು. ನನ್ನ ಅತ್ತೆ ಸಾಯುವವರೆಗೂ ನನ್ನನ್ನು ಊಟಕ್ಕೆ ಕರೆಯುವಾಗ 'ಬಾರೇ, ಸೊಪ್ಪು ಹಾಕೀನಿ' ಎಂದೇ ಕರೆಯುತ್ತಿದ್ದಳು.

ಹಗ್ಗ ಹಿಡಿಯುವವಳಿಗೆ ಇರುವುದು ಎರಡೇ ಮರ್ಯಾದೆ: ಸುಳ್ಳು ಗೆರೆ ಕೂಗಬಾರದು, ಹಗ್ಗ ಬಿಡಬಾರದು. ಒಮ್ಮೆ ಹಗ್ಗ ಬಿಟ್ಟವಳ ಕೈಗೆ ಮತ್ತೆ ಹಗ್ಗ ಬರುವುದಿಲ್ಲ. ನಾನು ಮದುವೆಯಾಗಿ ಬಂದ ಊರಲ್ಲಿ ನನ್ನದು ಅಂತ ಇದ್ದದ್ದು ಈ ಹಗ್ಗ ಒಂದೇ.

ಇನ್ನು ಚೀಲದ ಮಾತು. ಅಳತೆಯ ವಾರ ಪೂರ್ತಿ ದೊರೆಸಾನಿಯ ಬಾಲದ ಕೆಳಗೆ ಒಂದು ಗೋಣಿಚೀಲ ಕಟ್ಟಿರುತ್ತೇವೆ. ಅದಕ್ಕೊಂದು ಕಥೆ ಇದೆ. ಮೇಲಿನ ಬೀದಿಯ ಗಾದ್ರಪ್ಪನ ತಾತ ಯಾವುದೋ ಕಾಲದಲ್ಲಿ ಹೊಸ ರುಮಾಲು ಸುತ್ತಿಕೊಂಡು ಅಳತೆ ನೋಡಲು ಬಂದಿದ್ದನಂತೆ. ಮೇಕೆ ರುಮಾಲನ್ನು ಗುರಿಯಿಟ್ಟು ಹಿಕ್ಕೆ ಹಾಕಿತಂತೆ. ಅವತ್ತೇ ಚೀಲ ಬಂತು. ಆದರೆ ತುಂಬಿದ ಚೀಲವನ್ನು ಖಾಲಿ ಮಾಡುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಹಗ್ಗ ಹಿಡಿಯುವವಳು 'ಅದು ನನ್ನ ಕೆಲಸ ಅಲ್ಲ' ಅಂದಳು, ಸೊಪ್ಪು ತರುವವನು 'ನಂದು ಮುಂದಿನ ಕಡೆ, ಹಿಂದಿನದಲ್ಲ' ಅಂದ. ಹೀಗೆ ವಾರದ ಹಿಕ್ಕೆಯೆಲ್ಲ ಚೀಲದಲ್ಲೇ ಉಳಿಯಿತು, ಚೀಲ ಹೊತ್ತುಕೊಂಡೇ ಮೇಕೆ ಮೇಲೇಳಬೇಕಾಯಿತು. ಕಾಲ ಕಳೆದ ಹಾಗೆ ಅದೇ ನಿಯಮವಾಯಿತು. ನಾನೂ ಅದನ್ನು ನಿಯಮ ಅಂತಲೇ ನಂಬಿದ್ದೆ.

ಆ ವರ್ಷ ಅಲ್ಲಿಯವರೆಗೆ ಎಲ್ಲಕ್ಕಿಂತ ಕೆಳಗೆ ನಿಂತದ್ದು ಇದೇ ಗಾದ್ರಪ್ಪನ ಮನೆ ಮುಂದಿನ ಬೇವು. ಕಂಬದ ಮೇಲೆ ಅದರ ಗೆರೆಗೆ ಕೆಂಪು ಬಟ್ಟೆ ಕಟ್ಟಿದೆವು. ಇಟ್ಟಿಗೆ ಗೂಡಿನ ಯಜಮಾನನೂ ಅವನೇ, ಕಡಿಯಬೇಕಾಗಿ ಬಂದ ಮರವೂ ಅವನದೇ. ಮುಖ ಹುಳ್ಳಗೆ ಮಾಡಿಕೊಂಡು ಓಡಾಡುತ್ತಿದ್ದ. ಅವನಿಗೆ ಉಳಿದಿದ್ದ ಒಂದೇ ಆಸೆ, ಅಳತೆಯಾಗದೆ ಉಳಿದಿದ್ದ ಕಡೆಯ ಮರ: ಕೊನೆಬೀದಿಯ ಗಿರಿಯಕ್ಕನ ಕರಿಜಾಲಿ.

ಗಿರಿಯಕ್ಕ ನನ್ನ ಗೆಳತಿ. ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು; ಒಂದೇ ಬಾವಿಗೆ ಇಳಿದು, ಒಂದೇ ಸಮ ಅತ್ತೆಯರನ್ನು ಬಯ್ದುಕೊಂಡು ನೀರು ಹೊತ್ತವರು. ಗಂಡ ತೀರಿಕೊಂಡ ಮೇಲೆ ಅವಳು ಜಾಲಿಮರದ ಕೆಳಗೆ ಒಲೆ ಹೂಡಿ, ಒಂದು ಬೆಂಚು ಹಾಕಿ, ಟೀ ಬೋಂಡ ಶುರು ಮಾಡಿದಳು. ಕೊನೆಬೀದಿಯಲ್ಲಿ ಅದು ಬಿಟ್ಟರೆ ಬೇರೆ ನೆರಳಿಲ್ಲ. ಮರ ಹೋದರೆ ಬಿಸಿಲಲ್ಲಿ ಯಾರೂ ಕೂರುವುದಿಲ್ಲ, ಅಂಗಡಿ ಮುಚ್ಚಬೇಕು, ಅಂಗಡಿ ಮುಚ್ಚಿದರೆ ತಮ್ಮನ ಊರಿಗೆ ಹೋಗಿ ಅವನ ಹೆಂಡತಿಯ ಕೈಕೆಳಗೆ ಪಾತ್ರೆ ತಿಕ್ಕಬೇಕು. ಜಾಲಿಸೊಪ್ಪು ಎಷ್ಟು ಒಗರು ಅಂದರೆ, ಆ ವಾರ ಮೊದಲ ಎಲೆ ನೆಕ್ಕಿದಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅವಳು ಹೊರಟುಹೋಗುತ್ತಾಳೆ ಎಂದು ಅವತ್ತೇ ನನಗೆ ಖಾತ್ರಿಯಾಯಿತು.

ಅಳತೆಯ ಹಿಂದಿನ ಸಂಜೆ ಅವಳು ನನ್ನ ಬಾಗಿಲಿಗೆ ಬಂದಳು. ಕೂರಲಿಲ್ಲ.

"ಲೇ ಕೆಂಗಿ, ನಾಳೆ ಒಂದೇ ಒಂದು ಗೆರೆ ಮೇಲೆ ಕೂಗ್ಬಿಡೆ. ಬಟ್ಟೆ ದಾಟಿದ್ರೆ ಸಾಕು."

"ಆಗಲ್ಲ ಕಣೆ."

"ಯಾರು ಹತ್ತಿ ನೋಡ್ತಾರೆ?"

"ನಾನು ನೋಡಿರ್ತೀನಲ್ಲ."

"ಓಹೋ! ಇಷ್ಟು ವರ್ಷ ನನ್ ಮರದ ಕೆಳಗೆ ಕೂತು ಪುಗಸಟ್ಟೆ ಬೋಂಡ ಮುಕ್ಕಿದೆಯಲ್ಲ, ಅದನ್ನೆಲ್ಲ ಕಕ್ಕು ಹಂಗಾದ್ರೆ."

"ಗಿರಿ, ಇವತ್ತು ನಿನ್ ಸಲುವಾಗಿ ಸುಳ್ಳು ಕೂಗಿದ್ರೆ ನಾಳೆ ಗಾದ್ರಪ್ಪನ ಸಲುವಾಗಿ ಕೂಗು ಅಂತಾರೆ. ಆಮೇಲೆ ಈ ಕಂಬ ಯಾಕೆ, ಈ ಹಗ್ಗ ಯಾಕೆ?"

"ನಿನ್ ಕಂಬ ನೀನೇ ತಬ್ಕೊಂಡು ಮಲಗು" ಅಂದು ಸೆರಗು ಕೊಡವಿ ಹೋದಳು. ಅವಳು ಬಯ್ದದ್ದಕ್ಕೆ ಬೇಜಾರಿರಲಿಲ್ಲ, ಇಂಥ ಬೈಗುಳ ಇನ್ನು ಮುಂದೆ ಯಾರು ಬೈಯುತ್ತಾರೆ ಅನ್ನಿಸಿ ಅಳು ಬಂತು.

ಮಾರನೆಯ ದಿನ ಕಟ್ಟೆಯ ಸುತ್ತ ಊರೆಲ್ಲ ಕೊಡೆ ಬಿಚ್ಚಿಕೊಂಡು ನಿಂತಿತ್ತು. ಗಾದ್ರಪ್ಪ ಮಾತ್ರ ಕೊಡೆ ತಂದಿರಲಿಲ್ಲ. ಚೀಲ ಇರುವಾಗ ಭಯವೇಕೆ ಎಂದು ತಾತನದೇ ಗತ್ತಿನಲ್ಲಿ ರುಮಾಲು ಸುತ್ತಿಕೊಂಡು ಮೇಕೆಯ ಕೆಳಗೇ ಬಂದು ನಿಂತ. ಅವನ ಹಿಂದೆ ಕೊಡಲಿ ಹಿಡಿದ ಇಬ್ಬರು ಆಳುಗಳು. ಪಾಪ, ಅವನಿಗೂ ಅವಸರವಿತ್ತು. ಹಸಿ ಇಟ್ಟಿಗೆ ಗೂಡಿನಲ್ಲಿ ಜೋಡಿಸಿಟ್ಟಿದ್ದ, ಮೂಡಲಲ್ಲಿ ಮೋಡ ಕಾಣಿಸಿಕೊಂಡಿತ್ತು. ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕೆಸರಾಗುತ್ತಿತ್ತು.

ನಾನು ದೊರೆಸಾನಿಯ ಕೊರಳಿಗೆ ಹಗ್ಗ ಬಿಗಿದೆ. ಅದು ಕಣ್ಣು ಅರ್ಧ ಮುಚ್ಚಿ, ದವಡೆ ಆಡಿಸುತ್ತಾ, ಮದುವೆಮನೆಯಲ್ಲಿ ವೀಳ್ಯ ಮೆಲ್ಲುವ ಬೀಗಿತ್ತಿಯ ಹಾಗೆ ನಮ್ಮನ್ನೆಲ್ಲ ನೋಡಿತು. ಆಮೇಲೆ ಮುಂಗಾಲು ಎತ್ತಿತು, ಹಿಂಗಾಲು ಎತ್ತಿತು, ಏಳತೊಡಗಿತು. ಜಾಲಿ ಹಿಕ್ಕೆ ತುಂಬಿದ ಚೀಲ ಹಿಂದೆ ಜೋತು ಬಿದ್ದು ಇಷ್ಟುದ್ದ ಇಳಿಬಿದ್ದಿತ್ತು. ದೊರೆಸಾನಿ ತಲೆ ಮೇಲೆ, ಹಿಂಭಾಗ ಕೆಳಗೆ, ಓರೆಯಾಗಿ ಏರಿ ಏರಿ ಕೆಂಪು ಬಟ್ಟೆಯ ಒಂದು ಗೇಣು ಕೆಳಗೆ ಬಂದು ನಿಂತುಬಿಟ್ಟಿತು.

ಎಲ್ಲರೂ ನನ್ನ ಬಾಯಿ ನೋಡಿದರು. ಗಿರಿಯಕ್ಕ ನೋಡಲಿಲ್ಲ. ಅವಳು ಕಟ್ಟೆಯ ಬುಡದಲ್ಲಿ ಈರುಳ್ಳಿ ಹೆಚ್ಚುವ ಚಾಕು ಹಿಡಿದು ನಿಂತಿದ್ದಳು, ಅಂಗಡಿಯಿಂದ ಹಾಗೇ ಎದ್ದು ಬಂದಿದ್ದಳೋ ಏನೋ. ನಾನು ಗೆರೆ ಕೂಗಲು ಉಸಿರೆಳೆದುಕೊಂಡೆ.

"ನಿಲ್ಸೇ!" ಅಂದಳು. "ಆ ಮೂಟೆ ಕಟ್ಟಿದ್ರೆ ಗರುಡನೂ ಏಳಲ್ಲ. ಮೇಕೆ ಅಳೀತಿದ್ದೀರೋ, ಹಿಕ್ಕೆ ಅಳೀತಿದ್ದೀರೋ?"

ಅಂದವಳೇ ಕಟ್ಟೆಗೆ ಹಾರಿ, ತಲೆಯ ಮಟ್ಟಕ್ಕೆ ತೂಗುತ್ತಿದ್ದ ಚೀಲದ ದಾರಕ್ಕೆ ಚಾಕು ಎಳೆದಳು. ಚೀಲ ಬಾಯಿ ಬಿಚ್ಚಿಕೊಂಡೇ ಬಿತ್ತು. ಕೆಳಗಿದ್ದದ್ದು ಗಾದ್ರಪ್ಪ. ವಾರದ ಹಿಕ್ಕೆಯೆಲ್ಲ ರಾಗಿಮೂಟೆ ಬಿಚ್ಚಿದ ಹಾಗೆ ಅವನ ರುಮಾಲಿನ ಮೇಲೆ ಸುರಿದು, ಹೆಗಲ ಮೇಲೆ ಹರಿದು, ಅಂಗಿಯ ಜೇಬು ತುಂಬಿ, ಉಳಿದದ್ದು ಚಪ್ಪಲಿಯೊಳಗೆ ಇಳಿಯಿತು. ತಾತನಿಗೆ ಬಿದ್ದದ್ದು ನಾಲ್ಕು ಕಾಳು ಅಂತೆ. ಮೊಮ್ಮಗನಿಗೆ ಬಡ್ಡಿ ಸಮೇತ ಬಂತು.

ನಗಲು ನನಗೆ ಪುರುಸೊತ್ತು ಸಿಗಲಿಲ್ಲ. ಹೊರೆ ಕಳೆದುಕೊಂಡ ದೊರೆಸಾನಿ ಒಂದೇ ಸಲ ಮೇಲಕ್ಕೆ ಚಿಮ್ಮಿತು. ಹಗ್ಗ ನನ್ನ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು. ಕೆಂಪು ಬಟ್ಟೆ ದಾಟಿತು, ಎಲಚಿಯ ಗೆರೆ ದಾಟಿತು, ಕಂಬದ ತುದಿಯನ್ನೂ ದಾಟಿ ಹಗ್ಗದ ಕೊನೆಯಲ್ಲಿ ಸೆಟೆದು ನಿಂತು 'ಮ್ಯಾ' ಅಂದಿತು. ಜನ ಕೊಡೆ ಬಿಸಾಕಿ ಚಪ್ಪಾಳೆ ತಟ್ಟಿದರು, ಕೂಡಲೇ ತಪ್ಪು ತಿಳಿದು ಮತ್ತೆ ಎತ್ತಿಕೊಂಡರು.

"ಚೀಲ ಇಲ್ದೆ ಅಳ್ದಿದ್ದು ಅಳತೇನೇ ಅಲ್ಲ!" ಗಾದ್ರಪ್ಪ ರುಮಾಲು ಕೊಡವುತ್ತಾ ಕೂಗಿದ. "ಅಜ್ಜನ ಕಾಲದಿಂದ ಚೀಲ ಐತೆ."

"ನಿನ್ ಹೊಟ್ಟೇದನ್ನ ಬೆನ್ನಿಗೆ ಕಟ್ಕೊಂಡು ನೀನೊಂದು ಸಲ ಹಾರಪ್ಪ, ನೋಡಾನ" ಅಂದಳು ಗಿರಿಯಕ್ಕ.

ಕಟ್ಟೆಯ ಹಿರಿಯ ಸಿರಿಯಜ್ಜ ಕೋಲು ಊರಿ ಎದ್ದ. "ಚೀಲ ಕಟ್ಬೇಕು ಅನ್ನೋದು ಸರಿ. ತುಂಬಿದ್ದನ್ನ ಖಾಲಿ ಮಾಡ್ಬಾರ್ದು ಅಂತ ಯಾರಪ್ಪ ಹೇಳಿದ್ರು?" ಅಂದ. ಯಾರೂ ಹೇಳಿರಲಿಲ್ಲ. ತಲೆಮಾರುಗಳಿಂದ ನಾವು ಒಂದು ಸೋಮಾರಿತನವನ್ನು ಶಾಸ್ತ್ರ ಮಾಡಿಕೊಂಡು ಕೂತಿದ್ದೆವು. ಇಷ್ಟು ವರ್ಷ ಕಡಿದ ಮರಗಳಲ್ಲಿ ಎಷ್ಟು ಚೀಲದ ದೆಸೆಯಿಂದ ಹೋದವೋ ಏನೋ. ನ್ಯಾಯವಾಗಿ ಹೇಳಬೇಕೆಂದರೆ, ಚೀಲ ಬಿಚ್ಚಿದ್ದರೆ ಬೇವು ತಿಂದಾಗಲೂ ದೊರೆಸಾನಿ ಎಲ್ಲಿಗೆ ಮುಟ್ಟುತ್ತಿತ್ತೋ ಯಾರಿಗೆ ಗೊತ್ತು. ಸಿರಿಯಜ್ಜ ಅದನ್ನೇ ಹೇಳಿದ: ಎಲ್ಲ ಮರಗಳನ್ನೂ ಹೊಸದಾಗಿ ಅಳೆಯಬೇಕು.

"ನೀವು ಅಳ್ಕೊಂಡು ಕೂತಿರಿ. ನನ್ ಇಟ್ಟಿಗೆ ಅಷ್ಟರೊಳಗೆ ಮಣ್ಣಾಗಿರ್ತವೆ" ಅಂದ ಗಾದ್ರಪ್ಪ, ಕೊಡಲಿ ಕಸಿದುಕೊಂಡು ಆಳುಗಳ ಜೊತೆ ಕೊನೆಬೀದಿಯ ಕಡೆ ದಾಪುಗಾಲು ಹಾಕಿದ. ಮೇಲಿನ ಬೀದಿಯ ಗಂಡಸರು ಅವನ ಹಿಂದೆ ಹೋದರು. ಮಿಕ್ಕವರು ಸಿರಿಯಜ್ಜನ ಸುತ್ತ ಸೇರಿಕೊಂಡು, ಹೊಸ ಅಳತೆ ಯಾವ ಬೀದಿಯಿಂದ ಶುರುವಾಗಬೇಕು ಎಂದು ಜಗಳ ತೆಗೆದರು. ಗಿರಿಯಕ್ಕ ಒಬ್ಬಳೇ ಚಾಕು ಹಿಡಿದು ಓಡಿದಳು. ಎರಡು ಕೊಡಲಿಯ ಮುಂದೆ ಈರುಳ್ಳಿ ಚಾಕು.

ನನ್ನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮೇಕೆ. ನಾನೂ ಓಡಿದೆ. ಮೇಲೆ ದೊರೆಸಾನಿ ಗಾಳಿಪಟದಂತೆ ಎಳೆದಾಡುತ್ತಾ, ಎರಡು ಮನೆಯ ಟಿವಿ ತಟ್ಟೆ ಕೆಡವಿ, ನನಗಿಂತ ಮುಂದೆ ಹೋಗುತ್ತಿತ್ತು. ನಾನು ಅದನ್ನು ಎಳೆದೆನೋ ಅದು ನನ್ನನ್ನು ಎಳೆಯಿತೋ ಹೇಳಲಾರೆ. ಜಾಲಿಮರದ ಹತ್ತಿರ ಬಂದಾಗ ಗಾದ್ರಪ್ಪ ಬೆಂಚನ್ನು ಒದ್ದು ಪಕ್ಕಕ್ಕೆ ಸರಿಸಿ ಕೊಡಲಿ ಎತ್ತಿದ್ದ. ಗಿರಿಯಕ್ಕ ಕಾಂಡಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಆಳುಗಳು ಅವಳ ತೋಳಿಗೆ ಕೈ ಹಾಕಿದರು.

ಆಗ ನಾನು ಮೇಲೆ ನೋಡಿದೆ. ದೊರೆಸಾನಿ ಇನ್ನೂ ಬಯಲ ಆಕಾಶದಲ್ಲಿತ್ತು. ಅಲ್ಲಿ ಬಿಟ್ಟರೆ ಅದು ಹೋದದ್ದೇ, ಮರವೂ ಹೋದದ್ದೇ. ನಾನು ಹಗ್ಗವನ್ನು ಸೊಂಟಕ್ಕೆ ಸುತ್ತಿ, ಮರದ ಆಚೆ ಬದಿಗೆ ಹೋಗಿ, ಕೂತು, ಕಾಲು ನೆಲಕ್ಕೆ ಊರಿ ಜಗ್ಗಿದೆ. ಮೇಕೆ ಓರೆಯಾಗಿ ಕೊಂಬೆಗಳ ಒಳಕ್ಕೆ ಬಂತು. ಎಲೆ ಮೂಗಿಗೆ ತಾಗಿದ್ದೇ ತಡ, ಬಾಯಿ ಹಾಕಿತು. ಅದರ ಬೆನ್ನ ಮೇಲೆ ಒಂದು ದಪ್ಪ ಕೊಂಬೆ ಅಡ್ಡ ಬಂದದ್ದನ್ನು ನೋಡಿಕೊಂಡೆ. ಆದರೂ ಹಗ್ಗ ಬಿಗಿಯಾಗಿ ಇದ್ದಷ್ಟು ಹೊತ್ತು ಅದು ಕಟ್ಟಿದ ಮೇಕೆ, ಕೂತ ಮೇಕೆಯಲ್ಲ. ಎಳೆದು ಇಳಿಸು ಅಂದರೆ ಇಳಿಸಬೇಕು. ಗಾದ್ರಪ್ಪನಿಗೂ ಅದು ಗೊತ್ತಿತ್ತು.

"ಇಳ್ಸು ಕೆಂಗಮ್ಮ ಅದನ್ನ. ಹಗ್ಗ ನಿನ್ ಕೈಲೇ ಐತೆ" ಅಂದ.

"ಎಲ್ಲೈತೆ?" ಅಂದೆ. ಸೊಂಟದ ಸುತ್ತು ಕಳಚಿ, ಎರಡೂ ಕೈ ಬಿಚ್ಚಿ ತೋರಿಸಿದೆ.

ಹಗ್ಗ ಸರಸರನೆ ಮರದೊಳಕ್ಕೆ ಹೋಯಿತು. ದೊರೆಸಾನಿ ಒಂದು ಮೊಳ ಏರಿ, ಕೊಂಬೆಗೆ ಬೆನ್ನು ಕೊಟ್ಟು, ಅಲ್ಲೇ ನೆಲೆಯೂರಿ ಮೇಯತೊಡಗಿತು. ಮೇಕೆ ಕೂತ ಮರ. ಅಷ್ಟರಲ್ಲಿ ಕಟ್ಟೆಯ ಜಗಳ ಬಿಟ್ಟು ಸಿರಿಯಜ್ಜನ ಜೊತೆ ಮಿಕ್ಕವರೂ ಬಂದಿದ್ದರು, ಊರೇ ನೋಡುತ್ತಿತ್ತು. ಎತ್ತಿದ ಕೊಡಲಿಯನ್ನು ಗಾದ್ರಪ್ಪ ಎತ್ತಿದ ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದ, ಆಮೇಲೆ ತೋಳು ನೋಯಿತೇನೋ, ಇಳಿಸಿದ. ನನ್ನನ್ನು ನೋಡಿ ಸಿರಿಯಜ್ಜ, "ಹಗ್ಗ ಬಿಟ್ಟೆಯಲ್ಲವ್ವಾ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಕಟ್ಟಳೆ ಕಟ್ಟಳೆಯೇ. ಅವತ್ತಿಗೆ ನನ್ನ ಕೆಲಸ ಹೋಯಿತು.

ಸೊಪ್ಪು ಮುಗಿದರೆ ಇಳಿಯುತ್ತದೆ ಎಂದು ಗಾದ್ರಪ್ಪ ಕೊಡಲಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತ. ಎಲ್ಲಿ ಮುಗಿಯುತ್ತದೆ? ದೊರೆಸಾನಿ ತಿಂದಷ್ಟೂ ಏರಿತು, ಏರಿದಷ್ಟೂ ಹೊಸ ಕೊಂಬೆ ಸಿಕ್ಕಿತು. ಒಗರು ಸೊಪ್ಪಾದ್ದರಿಂದ ಕೆಳಕ್ಕೆ ಬೀಳುವುದಕ್ಕೂ ಬರವಿರಲಿಲ್ಲ. ಗಿರಿಯಕ್ಕ ಅವನಿಗೆ ಟೀ ಕೊಟ್ಟಾಗಲೆಲ್ಲ ಲೋಟದ ಮೇಲೆ ಬಸಿ ಮುಚ್ಚಿ ಕೊಡುತ್ತಿದ್ದಳು. ಮೋಡ ಹತ್ತಿರ ಬಂತು. ಕೊನೆಗೆ ಅವನ ಹೆಂಡತಿಯೇ ಬಂದು, "ಸೌದೆ ಸೌದೆ ಅಂತ ಸಾಯ್ತಿದ್ದೀಯಲ್ಲ, ಊರ್ ತುಂಬ ಒಣಗಿ ಬಿದ್ದಿರೋದು ಏನು?" ಅಂದಳಂತೆ. ಬಯ್ಗುಳಕ್ಕೆ ಅಂದಳೋ ಬುದ್ಧಿಗೆ ಅಂದಳೋ, ಎರಡು ದಿನ ಮೇಲಿನ ಬೀದಿಯವರೆಲ್ಲ ಪೊರಕೆ ಹಿಡಿದು ಮಾಡು, ಚಾವಣಿ, ಅಂಗಳ, ಕಟ್ಟೆ ಗುಡಿಸಿದರು. ಗೂಡು ಹಿಕ್ಕೆಯಲ್ಲೇ ಉರಿಯಿತು. ಬೇವೂ ಉಳಿಯಿತು, ಜಾಲಿಯೂ ಉಳಿಯಿತು. ಆ ಇಟ್ಟಿಗೆಯಲ್ಲಿ ಗಾದ್ರಪ್ಪ ಹೊಸ ಕೋಣೆ ಕಟ್ಟಿಸಿಕೊಂಡಿದ್ದಾನೆ. ಮಳೆ ಬಂದಾಗ ಒಳಗೆ ಮೇಕೆದೊಡ್ಡಿಯ ವಾಸನೆ ಬರುತ್ತದೆ ಎಂದು ನಾನು ಹೇಳುತ್ತೇನೆ, ಇಲ್ಲ ಎಂದು ಅವನು ಹೇಳುತ್ತಾನೆ.

ಇದೆಲ್ಲ ಆಮೇಲಿನದು. ಹಗ್ಗ ಬಿಟ್ಟ ದಿನ ಸಂಜೆ ನಾನು ಮನೆಯ ಮುಂದಿನ ಕಲ್ಲಿನ ಮೇಲೆ ಅಂಗೈ ಮೇಲೆ ಮಾಡಿಕೊಂಡು ಕೂತಿದ್ದೆ. ಚರ್ಮ ಸುಲಿದು ಕೆಂಪಗಾಗಿತ್ತು. ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ತೋಚುತ್ತಿರಲಿಲ್ಲ. ಗಿರಿಯಕ್ಕ ಬಂದಳು. ಒಂದು ಕೈಯಲ್ಲಿ ಬೋಂಡದ ಪೊಟ್ಟಣ, ಇನ್ನೊಂದು ಕೈಯಲ್ಲಿ ಅರೆದ ಜಾಲಿಸೊಪ್ಪಿನ ಬಟ್ಟಲು. ಈ ಸಲ ಕೂತಳು. ನನ್ನ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಹಸಿರು ಮುದ್ದೆಯನ್ನು ಗಾಯದ ಮೇಲೆ ಮೆತ್ತತೊಡಗಿದಳು.

"ಒಂದು ಗೆರೆ ಸುಳ್ಳು ಕೂಗು ಅಂದ್ರೆ ಆಗಲ್ಲ ಅಂದೆ," ಅಂದಳು. "ಹಗ್ಗಾನೇ ಬಿಟ್ಟು ಕೂತಿದ್ದೀಯಲ್ಲೇ, ಪೆದ್ದಿ."

ಜಾಲಿಯ ಒಗರು ಸುಲಿದ ಮಾಂಸಕ್ಕೆ ಇಳಿದು ಮೊಳಕೈವರೆಗೂ ಹತ್ತಿಕೊಂಡು ಹೋಯಿತು.

"ಉರೀತೈತೇನೆ?"

"ಇಲ್ಲ ಕಣೆ" ಅಂದೆ. ಅಷ್ಟು ವರ್ಷ ಕಂಬದ ಬುಡದಲ್ಲಿ ನಿಂತು ಒಂದು ಗೆರೆ ಹೆಚ್ಚು ಕಮ್ಮಿ ಹೇಳದವಳು, ಕಣ್ಣಲ್ಲಿ ನೀರು ಸುರಿಸಿಕೊಂಡು, ಅವಳ ಮುಖ ನೋಡಿಕೊಂಡೇ ಹಾಗೆ ಅಂದೆ.